ಶುಕ್ರವಾರದ ಅಮಾಸಿ

ಮಸ್ಕತ್ತಿನಲ್ಲಿ ನಮ್ಮ ಹಬ್ಬಗಳೆಲ್ಲ ಶುಕ್ರವಾರವೇ ಬರುತ್ತವೆ. ಪಂಚಾಂಗ ಏನಾದರೂ ಹೇಳಿಕೊಳ್ಳಲಿ, ಯುಗಾದಿಯೂ ಪಂಚಮಿಯೂ ರಜೆಯ ದಿನಕ್ಕಾಗಿ ಶಿಸ್ತಿನಿಂದ ಕಾದು ನಿಂತು ಬರುತ್ತವೆ. ಚಂದ್ರನೂ ಇಲ್ಲಿ ಡ್ಯೂಟಿ ಚಾರ್ಟ್ ನೋಡಿಕೊಂಡೇ ಕರಗುತ್ತಾನೆ ಎಂದು ನನ್ನ ಗಂಡ ತಮಾಷೆ ಮಾಡುತ್ತಿದ್ದರು. ಆದ್ದರಿಂದ ಎಳ್ಳ ಅಮಾವಾಸ್ಯೆಯ ಸಂದೇಶ ನಮ್ಮ ಕನ್ನಡ ಬಳಗದ ವಾಟ್ಸಾಪ್ ಗುಂಪಿಗೆ ಬಂದಾಗ, ಯಾವ ಶುಕ್ರವಾರ ಎಂದು ನೋಡುವುದಕ್ಕಷ್ಟೇ ನಾನು ಫೋನು ತೆಗೆದದ್ದು. ಕೆಳಗೆ ಇನ್ನೊಂದು ಸಾಲಿತ್ತು. ಈ ವರ್ಷ ಹಾಲ್‌ನಲ್ಲಿ ಊಟ, ಮಕ್ಕಳ ಹಾಡು, ಒಂದು ಉಪನ್ಯಾಸ. ಕಾಲ ಸರಿ ಇಲ್ಲದ ಕಾರಣ ತೋಟಕ್ಕೆ ಹೋಗುವುದಿಲ್ಲ, ಚರಗ ಇರುವುದಿಲ್ಲ.

ಓದಿ ನನ್ನ ಮೈಯೆಲ್ಲ ಉರಿದುಹೋಯಿತು. ಚರಗ ಇಲ್ಲದ ಎಳ್ಳ ಅಮಾವಾಸ್ಯೆ ಎಂದರೆ ಮದುಮಗಳಿಲ್ಲದ ಮದುವೆ.

ನಾನು ವಿಜಯಪುರದ ಕಡೆಯವಳು. ಹಿಂಗಾರಿ ಜೋಳ ಹಾಲುಗಟ್ಟುವ ಹೊತ್ತಿಗೆ ನಮ್ಮಲ್ಲಿ ಈ ಅಮಾವಾಸ್ಯೆ ಬರುತ್ತದೆ. ಆಗ ಭೂಮಿತಾಯಿ ಬಸುರಿ. ಬಸುರಿಯ ಬಯಕೆ ತೀರಿಸದೆ ಬಿಡುವುದುಂಟೆ? ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಕಡುಬು ಮಾಡಿಕೊಂಡು ಹೊಲಕ್ಕೆ ಹೋಗುತ್ತೇವೆ. ಎಲ್ಲದರಲ್ಲೂ ಒಂದಿಷ್ಟು ಕಿವುಚಿ ಕಲಸಿ, ನಿಂತ ಬೆಳೆಯ ನಡುವೆ ನಡೆಯುತ್ತ ಮಣ್ಣಿಗೆ ಚೆಲ್ಲುತ್ತೇವೆ. ಅದೇ ಚರಗ. ಇದಕ್ಕೆ ಗುಡಿ ಬೇಕಿಲ್ಲ, ಮಂತ್ರ ಬೇಕಿಲ್ಲ, ಪೂಜಾರಿ ಬೇಕಿಲ್ಲ. ಆದರೆ ಇಬ್ಬರು ಬೇಕೇ ಬೇಕು. ಮುಂದಿನವನು ಅನ್ನ ಚೆಲ್ಲುತ್ತ “ಹುಲ್ಲುಲ್ಲಿಗೋ” ಎಂದು ಕೂಗಬೇಕು, ಹಿಂದಿನವನು ನೀರು ಚಿಮುಕಿಸುತ್ತ “ಚಲ್ಲಾಂಬರಿಗೋ” ಎಂದು ಓಗೊಡಬೇಕು. ಒಬ್ಬನೇ ಕೂಗಿದರೆ ಅದು ಲೆಕ್ಕಕ್ಕಿಲ್ಲ. ಆ ಮಾತಿನ ಅರ್ಥ ಕೇಳಬೇಡಿ, ನನಗೂ ಗೊತ್ತಿಲ್ಲ, ಊರಿಗೊಂದು ತರಹ ಕೂಗುತ್ತಾರೆ. ಭೂಮಿಗೆ ಅರ್ಥವಾದರೆ ಸಾಕು. ಮುಂದಿನವನು, ಹಿಂದಿನವನು ಎಂದೆನಲ್ಲ, ನಮ್ಮ ಕಡೆ ಕೂಗುವವರು ಗಂಡಸರೇ. ಬೆಳಗಿನ ಜಾವದಿಂದ ರೊಟ್ಟಿ ಬಡಿದ ಹೆಂಗಸರು ಬದುವಿನ ಮೇಲೆ ಕುಳಿತು ಕೇಳಬೇಕು.

ಮಸ್ಕತ್ತಿನಲ್ಲೂ ವರ್ಷ ವರ್ಷ ಯಾವುದೋ ಬಾಡಿಗೆ ತೋಟದಲ್ಲಿ ಗಂಡಸರು ಅವಸರವಸರವಾಗಿ ಕೂಗಿ ಮುಗಿಸುತ್ತಿದ್ದರು. ಹಿಂದಿನ ವರ್ಷ ಯಾರೋ ಅದನ್ನು ವಿಡಿಯೋ ಮಾಡಿದರು. ಆ ವಿಡಿಯೋ ಊರಿಗೆ ಹೋಗಿ, ಯಾರ್ಯಾರದೋ ಮಾತು ಅಂಟಿಸಿಕೊಂಡು ತಿರುಗಿ ಬಂತು. ಇದು ಯಾವ ಶಾಸ್ತ್ರದಲ್ಲಿದೆ ಎಂದರು ಕೆಲವರು. ಪರದೇಶದಲ್ಲಿ ಬಯಲಲ್ಲಿ ಪೂಜೆ ಮಾಡಲು ಯಾರ ಅನುಮತಿ ಎಂದರು ಇನ್ನು ಕೆಲವರು. ಅದೇ ಹೊತ್ತಿಗೆ ಇಲ್ಲಿ ಒಂದೊಂದೇ ಕೆಲಸ ಒಮಾನಿಗಳಿಗೆ ಮೀಸಲಾಗುತ್ತ ಬಂದಿತ್ತು. ಮೊದಲೇ ವೀಸಾದ ಚಿಂತೆಯಲ್ಲಿದ್ದ ನಮ್ಮವರಿಗೆ ಈ ವಿಡಿಯೋ ಸಾಕಾಯಿತು, ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡರು.

ಬಳಗದ ಅಧ್ಯಕ್ಷರು ಒಳ್ಳೆಯ ಮನುಷ್ಯರೇ. ಆದರೂ ಬಿಡಲಾಗಲಿಲ್ಲ, ಫೋನು ಮಾಡಿದೆ.

“ಏನ್ರೀ ಅಣ್ಣಾರ, ಕಾಲ ಸರಿ ಇಲ್ಲಂತ ಬಸುರಿ ಉಪವಾಸ ಇರಬೇಕೇನು?”

“ಸಿಟ್ಟಾಗಬ್ಯಾಡ್ರೀ ಅಕ್ಕಾರ. ನಾಳೆ ಯಾರದರ ಕಫೀಲ್, ವೀಸಾ ಕೊಟ್ಟ ಮಾಲಕ, ಕರದು ಕೇಳಿದ್ರ ಏನಂತ ಹೇಳೂದು? ಒಂದು ಕೆಲಸ ಮಾಡೋಣಂತ. ಹಾಲ್‌ನ್ಯಾಗ ಒಂದು ಕುಂಡಾದಾಗ ಮಣ್ಣು ತುಂಬಿಸಿ ಇಡೋಣು. ಅದಕ್ಕ ಎಲ್ಲಾರೂ ಒಂದೊಂದು ತುತ್ತು ಹಾಕಿದ್ರ ಆತು.”

“ಕುಂಡಾದಾಗ! ಭೂಮಿತಾಯಿನ್ನ ಮನಿಪ್ಲಾಂಟ್ ಮಾಡಿದ್ರಲ್ರೀ!” ಎಂದು ಫೋನು ಇಟ್ಟೆ.

ನನ್ನ ಸಿಟ್ಟಿಗೆ ಇನ್ನೊಂದು ಬೇರು ಇತ್ತು. ನಾನು ಒಂದು ಖಾಸಗಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ನನ್ನ ಹುದ್ದೆಯೂ ಮೀಸಲಾಗಿತ್ತು. ಬೇಸಿಗೆಗೆ ಮುಂಚೆ ನನ್ನ ಕಾಂಟ್ರಾಕ್ಟ್ ಖಲಾಸ್. ನನ್ನ ಜಾಗಕ್ಕೆ ಬರುವ ಒಮಾನಿ ಹುಡುಗಿಗೆ ಕೆಲಸ ಕಲಿಸುವವಳೂ ನಾನೇ. ಮೊದಮೊದಲು ಅವಳನ್ನು ಕಂಡರೆ ಒಳಗೊಳಗೇ ಕುದಿಯುತ್ತಿದ್ದೆ. ಆದರೆ ಹುಡುಗಿ ಚುರುಕು, ಕಲಿಯುವ ಆಸೆಯುಳ್ಳವಳು. ಅವಳ ದೇಶ, ಅವಳ ಜನ, ಅವಳ ಕೆಲಸ. ಎಷ್ಟು ದಿನ ಅಂತ ಕುದಿಯುವುದು? ಹೋಗುವುದು ಖಚಿತ, ಅದಕ್ಕೆ ಮನಸ್ಸು ಒಗ್ಗಿಸಿಕೊಂಡಿದ್ದೆ. ಒಂದಕ್ಕೆ ಮಾತ್ರ ಒಗ್ಗಲಿಲ್ಲ. ಹದಿನೆಂಟು ವರ್ಷ ಈ ನೆಲದಲ್ಲಿ ಉಂಡೆ. ಇಲ್ಲಿಯ ಖರ್ಜೂರ, ಇಲ್ಲಿಯ ಸೌತೆಕಾಯಿ, ಇಲ್ಲಿಯ ಮೀನು ತಿಂದು ನನ್ನ ಮಗಳು ಎತ್ತರವಾಗಿ, ಕಾಲೇಜಿಗೆಂದು ಊರಿಗೆ ಹೋದಳು. ಉಂಡ ಮನೆಯ ಯಜಮಾನಿಗೆ ಕೈಯೆತ್ತಿ ಒಂದು ತುತ್ತು ಕೊಡದೆ ಎದ್ದು ಹೋಗುವುದು ಯಾವ ಸೀಮೆಯ ಮರ್ಯಾದೆ? ಹೋಗುವ ಮುಂಚೆ ಈ ಮಣ್ಣಿಗೆ ನನ್ನ ಕೈಯಾರೆ ಚರಗ ಚೆಲ್ಲಲೇಬೇಕು ಎಂದು ಹಟ ಹಿಡಿದೆ.

ಮನೆಯಲ್ಲಿ ಗಂಡನಿಗೆ ಹೇಳಿದೆ. ಅವರು ಬಳಗದ ಖಜಾಂಚಿ ಬೇರೆ. “ನನ್ನ ಹೆಸರು ತರಬ್ಯಾಡ. ಗಾಡಿ ಓಡಸು ಅಂದ್ರ ಓಡಸ್ತೀನಿ. ಹೊಲದಾಗ ಕಾಲಿಡಾಂಗಿಲ್ಲ, ಕೂಗಾಂಗಿಲ್ಲ,” ಎಂದುಬಿಟ್ಟರು. ಪ್ರತಿ ವರ್ಷ ನೀರಿನ ಚೊಂಬು ಹಿಡಿದು ಓಗೊಡುತ್ತಿದ್ದವರು ಅವರೇ. ಅವರ ಕಂಪನಿಯಲ್ಲೂ ಜನರನ್ನು ಕಡಿಮೆ ಮಾಡುತ್ತಿದ್ದರು, ಹೆದರಿಕೆ ಸುಳ್ಳಲ್ಲ. ಆದರೂ ನಾಲ್ಕು ದಿನ ಅವರಿಗೆ ಉಪ್ಪಿಲ್ಲದ ಸಾರು ಬಡಿಸಿದೆ.

ಅಲ್ ಹೈಲ್‌ನ ನಮ್ಮ ಕಟ್ಟಡದಲ್ಲಿ ಎದುರು ಮನೆಯವಳು ಉಡುಪಿ ಕಡೆಯ ತುಳುವರ ಹೆಂಗಸು. ಕಾರ್ಗೊ ಕಚೇರಿಯಲ್ಲಿ ಕೆಲಸ, ನನಗಿಂತ ಹತ್ತು ವರ್ಷ ಚಿಕ್ಕವಳು, ಮಾತಿಗೆ ನನಗಿಂತ ದೊಡ್ಡವಳು. ಅವಳ ಮುಂದೆ ನನ್ನ ಗೋಳು ತೋಡಿಕೊಂಡೆ. ಭೂಮಿ ಬಸುರಿ ಎಂದದ್ದೇ ಅವಳು ಕಣ್ಣರಳಿಸಿದಳು.

“ಅಯ್ಯೋ ಅಕ್ಕ, ನಮ್ಮಲ್ಲಿ ಕೆಡ್ಡಸ ಅಂತ ಉಂಟು. ಮೂರು ದಿನ ಭೂಮಿ ಮುಟ್ಟಾಗುದು. ಆಗ ಯಾರೂ ಅಗಿಬಾರ್ದು, ಹಸಿ ಗೆಲ್ಲು ಕಡಿಬಾರ್ದು. ಕಡೇ ದಿನ ನಾವು ಹೆಂಗಸರು ಎಣ್ಣೆ, ಸೀಗೆ, ಅರಿಶಿನ ಇಟ್ಟು ಅವಳನ್ನು ಮೀಯಿಸುದು. ಅಮ್ಮ ನೆಲಕ್ಕೆ ಎಣ್ಣೆ ಬಿಡುದು ನೋಡ್ಬೇಕು ನೀವು, ಮಗುವಿನ ನೆತ್ತಿಗೆ ಬಿಟ್ಟ ಹಾಗೆ.”

“ನಿಮ್ಮಲ್ಲಿ ಮುಟ್ಟು, ನಮ್ಮಲ್ಲಿ ಬಸಿರು,” ಎಂದೆ.

“ಮತ್ತೆ? ಹೆಂಗಸು ಒಬ್ಬಳೇ ಅಲ್ವಾ ಅಕ್ಕ?” ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, “ನಿಮ್ಮ ಹಿಂದೆ ನೀರು ಹಿಡ್ಕೊಂಡು ನಾನು ಬರ್ತೇನೆ. ಆ ಮಾತು ಕಲಿಸಿ ಕೊಡಿ,” ಎಂದಳು. ನನಗೆ ಅಳುವೇ ಬಂತು.

ಇಬ್ಬರಾದೆವು. ಆದರೆ ಹೊಲ ಎಲ್ಲಿ? ಬೆಳೆ ಇಲ್ಲದ ಹೊಲಕ್ಕೆ ಚರಗ ಚೆಲ್ಲಬಾರದು ಎನ್ನುತ್ತಿದ್ದಳು ನನ್ನವ್ವ. ಬಾಡಿಗೆ ತೋಟಗಳಲ್ಲಿ ಈಜುಕೊಳ ಉಂಟು, ಹುಲ್ಲುಹಾಸು ಉಂಟು, ಉಯ್ಯಾಲೆ ಉಂಟು. ಹಾಲುಗಟ್ಟಿದ ಜೋಳ ಎಲ್ಲಿಂದ ತರಲಿ? ಅದೇ ಯೋಚನೆಯಲ್ಲಿ ಲ್ಯಾಬಿನಲ್ಲಿ ಗಾಜಿನ ಸ್ಲೈಡುಗಳನ್ನು ಟ್ರೇಯಲ್ಲಿ ಕುಕ್ಕುತ್ತಿದ್ದೆನೋ ಏನೋ, ಒಮಾನಿ ಹುಡುಗಿ ಹತ್ತಿರ ಬಂದು, “ಮೇಡಂ, ಸ್ಲೈಡುಗಳು ಏನು ತಪ್ಪು ಮಾಡಿದವು?” ಎಂದು ಕೇಳಿದಳು. ನಾವಿಬ್ಬರು ಮಾತಾಡುವುದು ಅರ್ಧ ಇಂಗ್ಲಿಷು, ಅರ್ಧ ಹಿಂದಿ. ಫೋನಿನಲ್ಲಿ ಜೋಳದ ತೆನೆಯ ಚಿತ್ರ ತೋರಿಸಿ, ಇಂಥದು ನಿಂತಿರುವ ಹೊಲ ಬೇಕಾಗಿತ್ತು ಎಂದೆ.

ಅವಳು ನಕ್ಕುಬಿಟ್ಟಳು. “ಇದಾ? ಸುವೈಕ್‌ನಲ್ಲಿ ನಮ್ಮ ಅಜ್ಜಿಯ ಮೇಕೆಗಳು ದಿನಾ ತಿನ್ನುವುದು ಇದನ್ನೇ.”

ಮೇವಿನ ಜೋಳ. ಅದನ್ನು ತೆನೆ ಬರುವ ಮುಂಚೆಯೇ ಹಸಿರಾಗಿದ್ದಾಗ ಕೊಯ್ದುಬಿಡುತ್ತಾರೆ, ನನಗೆ ಗೊತ್ತಿತ್ತು. ಹಾಗಂತ ಹೇಳಿದೆ.

“ಒಂದು ಪಟ್ಟಿ ಕೊಯ್ಯುವುದಿಲ್ಲ. ತೆನೆ ಬಲಿಯುವವರೆಗೆ ಹಕ್ಕಿಗಳಿಗೆ ಅಂತ ಬಿಡುತ್ತಾರೆ ಅಜ್ಜಿ. ಮೇವು ದಂಡ ಅಂತ ನನ್ನ ಮಾವಂದಿರು ಪ್ರತಿ ವರ್ಷ ಜಗಳ ಆಡುತ್ತಾರೆ, ಅಜ್ಜಿ ಕೇಳುವುದಿಲ್ಲ. ಬೇಕಾದರೆ ವಿಚಾರಿಸುತ್ತೇನೆ. ಆದರೆ ಏನು ಮಾಡುತ್ತೀರಿ ಎಂದು ನೀವೇ ಅವರಿಗೆ ಹೇಳಬೇಕು. ಸುಳ್ಳು ಹೇಳಿದರೆ ಅಜ್ಜಿಗೆ ಆಗುವುದಿಲ್ಲ.”

ಬಂದು ಹೇಳಲಿ ಎಂದರಂತೆ ಅಜ್ಜಿ. ಪಿಕ್ನಿಕ್ ಎಂದು ಹೇಳು ಸಾಕು ಎಂದರು ಗಂಡ. ಹಕ್ಕಿಗೆ ಹಾಕುವುದು ಎಂದುಬಿಡಿ ಎಂದಳು ಎದುರು ಮನೆಯವಳು. ಎರಡೂ ಅರ್ಧ ನಿಜವೇ. ಆದರೆ ಸುಳ್ಳು ಹೇಳಿ ಕಾಲಿಟ್ಟ ಹೊಲಕ್ಕೆ ಏನು ಉಣಿಸಿದರೂ ಅದು ಅಂಗಕ್ಕೆ ಹತ್ತುವುದಿಲ್ಲ. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ, ಬೇಡ ಎಂದರೆ ಬುತ್ತಿ ಕಟ್ಟಿಕೊಂಡು ವಾಪಸು ಬರುತ್ತೇನೆ ಎಂದು ತೀರ್ಮಾನಿಸಿದೆ.

ಬಳಗದ ಹೆಂಗಸರಿಗಷ್ಟೇ ಒಂದು ಸಂದೇಶ ಕಳಿಸಿದೆ. ನಾನು ಸುವೈಕ್‌ಗೆ ಚರಗಕ್ಕೆ ಹೋಗುತ್ತಿದ್ದೇನೆ, ಬರುವವರು ಬನ್ನಿ, ಫೋನಿನಲ್ಲಿ ಚಿತ್ರ ತೆಗೆಯುವವರು ಬರಬೇಡಿ. ಅರ್ಧ ದಿನ ಯಾರಿಂದಲೂ ಸದ್ದಿಲ್ಲ. ಆಮೇಲೆ ಮೊದಲ ಉತ್ತರ ಬಂತು: “ಕಡಬು ನಾ ತರ್ತೀನಿ.” ಬರೆದದ್ದು ಅಧ್ಯಕ್ಷರ ಹೆಂಡತಿ! ಮನೆಯಲ್ಲಿ ಕುಂಡದ ಸುದ್ದಿ ಕೇಳಿ ಕೇಳಿ ಸಾಕಾಗಿತ್ತಂತೆ. ಒಬ್ಬರ ಹಿಂದೆ ಒಬ್ಬರು ಸೇರಿ ಏಳು ಮಂದಿಯಾದೆವು. ಗುರುವಾರ ಸಂಜೆ ಅಲ್ ಮವಾಲೇಹ್‌ನ ತರಕಾರಿ ಅಂಗಡಿಗಳಲ್ಲಿ ಎಳೆಯ ಬದನೆಕಾಯಿ ಆರಿಸಿದೆವು, ಆಂಧ್ರದವರ ಗೋಂಗುರದ ಪುಣ್ಯದಿಂದ ಪುಂಡಿಪಲ್ಯವೂ ಸಿಕ್ಕಿತು. ನನ್ನ ಅಡಿಗೆಮನೆಯಲ್ಲಿ ನಾಲ್ವರು ಸಾಲಾಗಿ ನಿಂತು ರೊಟ್ಟಿ ಬಡಿದೆವು. ಕೆಳಗಿನ ಮನೆಯ ಕೇರಳದವರು ಏನು ರಿಪೇರಿ ನಡೆದಿದೆ ಎಂದು ಕೇಳಿ ಹೋದರು.

ಶುಕ್ರವಾರ ಬೆಳಿಗ್ಗೆ ಎರಡು ಗಾಡಿಗಳಲ್ಲಿ ಸುವೈಕ್ ಸೇರಿದೆವು. ಖರ್ಜೂರದ ಮರಗಳ ಸಾಲು, ಬಾವಿಗೆ ಕೂರಿಸಿದ ಪಂಪು, ಮೇಕೆ ದೊಡ್ಡಿ. ಅದರಾಚೆ ಕೊಯ್ದ ಮೇವಿನ ಕೂಳೆಯ ನಡುವೆ ಒಂದು ಪಟ್ಟಿ ಜೋಳ ಎದೆಯೆತ್ತರ ನಿಂತಿತ್ತು. ತೆನೆ ತುಂಬಿತ್ತು. ನೋಡಿದ್ದೇ ಚಪ್ಪಲಿ ಬಿಟ್ಟೆ. ಹದಿನೆಂಟು ವರ್ಷದಲ್ಲಿ ಒಮಾನಿನಲ್ಲಿ ಜೋಳದ ತೆನೆ ನೋಡಿದ್ದು ಅದೇ ಮೊದಲು. ಸುವೈಕ್ ಮೇಲಿಂದ ಎಷ್ಟು ಸಲ ಹೋಗಿಬಂದಿದ್ದೆನೋ.

ಮುಂಚೆಯೇ ಬಂದಿದ್ದ ಲ್ಯಾಬಿನ ಹುಡುಗಿಯ ಜೊತೆ ಅಜ್ಜಿ ಕೋಲೂರಿಕೊಂಡು ಬಂದರು. ನಮ್ಮನ್ನೆಲ್ಲ ಚಾಪೆಯ ಮೇಲೆ ಕೂರಿಸಿ ಕಹ್ವಾ ಕಾಫಿ ಮತ್ತು ಖರ್ಜೂರ ಕೊಟ್ಟರು. ಆಮೇಲೆ ನೇರವಾಗಿ ಕೇಳಿದರು. ಹುಡುಗಿ ನನಗೆ ಹಿಂದಿಯಲ್ಲಿ ಹೇಳಿದಳು: “ಈ ಊಟ ಯಾರಿಗೆ ಅಂತ ಕೇಳುತ್ತಿದ್ದಾರೆ.”

“ಈ ಮಣ್ಣಿಗೆ,” ಎಂದೆ. “ನಮ್ಮಲ್ಲಿ ಭೂಮಿಯನ್ನು ತಾಯಿ ಎನ್ನುತ್ತೇವೆ. ಬೆಳೆ ನಿಂತಾಗ ಅವಳು ಬಸುರಿ. ನಾನು ಈ ದೇಶ ಬಿಟ್ಟು ಹೋಗುವವಳು. ಹೋಗುವ ಮುಂಚೆ ಅವಳಿಗೆ ಉಣಿಸಬೇಕು.”

ಅಜ್ಜಿ ಕೋಲಿನ ತುದಿಯಿಂದ ಮಣ್ಣನ್ನು ಕೆದಕಿದರು. ಎದುರು ಮನೆಯವಳು ನನ್ನ ಸೆರಗು ಎಳೆದಳು. ಗಾಡಿಯ ಹತ್ತಿರ ನಿಂತಿದ್ದ ನನ್ನ ಗಂಡ ಆಗಲೇ ಕೀಲಿಕೈ ತೆಗೆದುಕೊಂಡಿದ್ದರು.

“ಮಣ್ಣಿಗೆ ತಲೆ ಬಾಗುತ್ತೀರಾ?” ಎಂದು ಕೇಳಿದರು ಅಜ್ಜಿ.

“ಹೌದು.”

“ನಾನು ಬಾಗುವುದು ಅಲ್ಲಾಹನಿಗೆ ಮಾತ್ರ. ಆದ್ದರಿಂದ ನಾನು ಇಲ್ಲಿ ನಿಲ್ಲುವುದಿಲ್ಲ, ಒಳಗೆ ಹೋಗುತ್ತೇನೆ. ಬೆಂಕಿ ಹಚ್ಚಬೇಡಿ, ಗೊಂಬೆ ಇಡಬೇಡಿ. ಅನ್ನ ಚೆಲ್ಲಿ. ತಿನ್ನುವುದು ಹಕ್ಕಿ, ಇರುವೆ. ಅವಕ್ಕೆ ಕೊಡಬೇಡಿ ಎನ್ನುವುದಕ್ಕೆ ನಾನು ಯಾರು?”

ಊರಲ್ಲಾದರೆ ಹೊಲದಲ್ಲಿ ಐದು ಕಲ್ಲು ಇಟ್ಟು ಪಾಂಡವರೆಂದು ಪೂಜೆ ಮಾಡಿ ಕರ್ಪೂರ ಹಚ್ಚುತ್ತೇವೆ. ಹೊಲದ ಯಜಮಾನಿಯ ಮಾತೇ ಮಾತು, ಕಲ್ಲೂ ಬೇಡ ಕರ್ಪೂರವೂ ಬೇಡ ಎಂದು ಒಪ್ಪಿದೆ. ಅಜ್ಜಿ ಎದ್ದವರು ಎರಡು ಹೆಜ್ಜೆ ಹೋಗಿ ತಿರುಗಿ ನಿಂತು ಏನೋ ಕೇಳಿದರು. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. “ಎಷ್ಟು ತಿಂಗಳು ಅಂತ ಕೇಳುತ್ತಿದ್ದಾರೆ.”

ಜೋಳದ ಪಟ್ಟಿಗೆ ಹೋಗಿ ಒಂದು ಕಾಳು ಉಗುರಿನಿಂದ ಚಿವುಟಿದೆ. ಹಾಲು ಚಿಮ್ಮಿತು. “ಏಳು ತಿಂಗಳು,” ಎಂದು ಬೆರಳು ತೋರಿಸಿದೆ. ಅಜ್ಜಿ ತಲೆಯಾಡಿಸಿ, ನಗುತ್ತ ಒಳಗೆ ಹೋದರು.

ಚರಗದ ಬುಟ್ಟಿ ಸೊಂಟಕ್ಕೆ ಇಟ್ಟು ನಾನು ಮುಂದೆ ನಿಂತೆ. ಎದುರು ಮನೆಯವಳು ಚೊಂಬು ಹಿಡಿದು ಹಿಂದೆ. ನೋಡುತ್ತೇನೆ, ನೀರಿನ ಮೇಲೆ ಎಣ್ಣೆ ತೇಲುತ್ತಿದೆ, ಅರಿಶಿನ ಬೇರೆ! ಕೆಡ್ಡಸದ ಲೆಕ್ಕದಲ್ಲಿ ಮಾಡಿ ತಂದಿದ್ದಳು.

“ಏ ಹುಚ್ಚಿ, ಇದಕ್ಕ ಬರೇ ನೀರು ಬೇಕವಾ! ಎಣ್ಣಿ ಯಾಕ ಹಾಕಿದಿ?”

“ಬಸುರಿಗೆ ಬರೀ ತಣ್ಣೀರು ಚಿಮುಕಿಸುದಾ ಅಕ್ಕ? ಎಣ್ಣೆ ಹಚ್ಚಿ ಮೀಯಿಸುದಿಲ್ವಾ? ನಿಮ್ಮ ಗಂಡಸರಿಗೆ ಗೊತ್ತಿರ್ಲಿಕ್ಕಿಲ್ಲ.”

ಚೊಂಬು ಅವಳ ಕೈಯಲ್ಲೇ ಬಿಟ್ಟೆ. ನಮ್ಮ ಗಂಡಸರಿಗೆ ನಿಜವಾಗಿ ಗೊತ್ತಿರಲಿಲ್ಲ.

ಕೂಗಲು ಬಾಯಿ ತೆರೆದೆ. ಹುಟ್ಟಿದಂದಿನಿಂದ ಕೇಳಿದ ಮಾತು, ಒಮ್ಮೆಯೂ ನನ್ನ ಬಾಯಿಂದ ಬಂದದ್ದಲ್ಲ. “ಹುಲ್ಲುಲ್ಲಿಗೋ” ಎನ್ನುವುದು ಕೆಮ್ಮಿನ ಹಾಗೆ ಬಂತು. ಒಂದು ಮೇಕೆ ಕೂಡ ತಿರುಗಿ ನೋಡಲಿಲ್ಲ.

“ಎಂತ ಅಕ್ಕ ಇದು, ಗುಟ್ಟು ಹೇಳಿದ ಹಾಗೆ! ನಮ್ಮೂರಿನ ಮೀನಿನವರನ್ನು ನೋಡಿ ಕಲೀಬೇಕು ನೀವು. ಹೊಟ್ಟೆಯಿಂದ ಕೂಗಿ!”

ನಗು ಬಂತು, ನಗುವಿನ ಹಿಂದೆ ಸಿಟ್ಟೂ ಬಂತು. ಆ ವಿಡಿಯೋದ ಮೇಲೆ, ಕುಂಡದ ಮೇಲೆ, ಇಷ್ಟು ವರ್ಷ ಬದುವಿನ ಮೇಲೆ ಕುಳಿತಿದ್ದ ನನ್ನ ಮೇಲೆ. ಹೊಟ್ಟೆಯಿಂದಲೇ ಕೂಗಿದೆ.

“ಹುಲ್ಲುಲ್ಲಿಗೋ…”

“ಚಲ್ಲಾಂಬರಿಗೋ…” ಎಂದು ಅವಳು ಓಗೊಟ್ಟಳು, ಕರಾವಳಿಯ ನಾಲಿಗೆಯಲ್ಲಿ ಒಂದೊಂದು ಅಕ್ಷರವನ್ನೂ ಬಿಡಿಸಿ ಬಿಡಿಸಿ. ಮೂರನೆಯ ಕೂಗಿಗೆ ಅವಳ ದನಿಯ ಜೊತೆ ಅಧ್ಯಕ್ಷರ ಹೆಂಡತಿಯ ದನಿ ಸೇರಿತು. ಆಮೇಲೆ ಉಳಿದವರದು. ಎಲ್ಲರಿಗೂ ಬರುತ್ತಿತ್ತು! ಯಾರೂ ಕಲಿಸಿರಲಿಲ್ಲ, ಯಾರೂ ಕೂಗು ಎಂದಿರಲಿಲ್ಲ, ಆದರೆ ಎಲ್ಲರ ಗಂಟಲಲ್ಲೂ ಅದು ಇತ್ತು. ಜೋಳದ ಬುಡದ ಮಣ್ಣು ರೊಟ್ಟಿ, ಹೋಳಿಗೆ, ಪುಂಡಿಪಲ್ಯ ತಿನ್ನುತ್ತ ಎಣ್ಣೆಯಲ್ಲಿ ಮಿಂದಿತು. ನನಗೆ ಆಗ ಯಾರ ಹೆದರಿಕೆಯೂ ಇರಲಿಲ್ಲ. ಕೆಲಸ ಹೋಗುತ್ತದೆ, ಹೋಗಲಿ. ದುಡಿಯುವ ಕೈ ನನ್ನ ಜೊತೆ ಬರುತ್ತದೆ.

ಪಟ್ಟಿಯ ತುದಿ ಮುಟ್ಟಿ ತಿರುಗಿದಾಗ ನನ್ನ ಗಂಡ ಚಪ್ಪಲಿ ಬಿಟ್ಟು ಹೊಲದೊಳಗೆ ಬರುತ್ತಿದ್ದರು.

“ಆ ಮೂಲಿ ಬಿಟ್ಟೀ ನೋಡು,” ಎಂದರು.

“ಕಾಲಿಡಾಂಗಿಲ್ಲ ಅಂದಿದ್ರಿ?”

“ಮೂಲಿ ಬಿಟ್ರ ಹೆಂಗ? ಅರ್ಧಾ ಉಣಿಸಿ ಎಬ್ಬಸ್ತೀಯೇನು?”

ಆ ಮೂಲೆಗೂ ಚೆಲ್ಲಿದೆವು. ಉಳಿದದ್ದನ್ನು ನಾವೆಲ್ಲ ಅಲ್ಲೇ ಕುಳಿತು ಉಂಡೆವು. ಹುಡುಗಿ ಎರಡು ಹೋಳಿಗೆ ತಿಂದು, ಎರಡನ್ನು ಅಜ್ಜಿಗೆಂದು ಒಳಗೆ ಒಯ್ದಳು. ಹೊರಡುವಾಗ ಅಜ್ಜಿ ಬಾಗಿಲಿಗೆ ಬಂದು ಹೇಳಿದ್ದನ್ನು ಅವಳು ನನಗೆ ಹೇಳಿದಳು: “ಮುಂದಿನ ವರ್ಷವೂ ಆ ಪಟ್ಟಿ ಕೊಯ್ಯುವುದಿಲ್ಲವಂತೆ. ನೀವಿಲ್ಲದಿದ್ದರೆ ನಿಮ್ಮಲ್ಲಿ ಯಾರಾದರೂ ಬರಬೇಕಂತೆ. ಈ ಹೋಳಿಗೆ ಮಾಡಲು ಬರುವವರು.”

ಗಾಡಿಯಲ್ಲಿ ಎದುರು ಮನೆಯವಳು ಖಾಲಿ ಚೊಂಬನ್ನು ಮಡಿಲಲ್ಲಿ ಹಿಡಿದು ಕುಳಿತಿದ್ದಳು. ದಾರಿಯಲ್ಲಿ ಬರ್ಕಾ ಊರು ದಾಟಿದ ಮೇಲೆ ಹೇಳಿದಳು:

“ಮುಂದಿನ ವರ್ಷ ನಾನು ಕೂಗ್ತೇನೆ ಅಕ್ಕ. ಆದ್ರೆ ಉತ್ತರ ಕೊಡುದು ಯಾರು?”

“ಇವರೆಲ್ಲಾ ಇದ್ದಾರಲ್ಲ.”

“ಅವರು ಕೊಡ್ಲಿ. ಮೊದಲು ನೀವು ಕೊಡ್ಬೇಕು.”

“ಹುಚ್ಚಿ, ನಾ ವಿಜಯಪುರದಾಗ ಇರ್ತೀನಿ.”

“ಕೇಳುವ ಹಾಗೆ ಕೂಗ್ತೇನೆ. ಅದರ ಚಿಂತೆ ನಿಮಗೆ ಬೇಡ.”

ಬೇಸಿಗೆಗೆ ಮುಂಚೆ ಬಂದುಬಿಟ್ಟೆ. ಲ್ಯಾಬಿನ ಕೊನೆಯ ದಿನ ಹುಡುಗಿಯ ಕೈಗೆ ನನ್ನ ಮೈಕ್ರೋಸ್ಕೋಪಿನ ಮುಸುಕು ಕೊಟ್ಟೆ, ನಾನೇ ಹೊಲಿದದ್ದು. ಕಾಳು ಎಣಿಸಿದ ಹಾಗೆ ರಕ್ತಕಣ ಎಣಿಸು, ಅವಸರ ಮಾಡಬೇಡ ಎಂದೆ. ವಿಜಯಪುರದಲ್ಲಿ ಒಂದು ಸಣ್ಣ ಲ್ಯಾಬಿನಲ್ಲಿ ಕೆಲಸ ಹಿಡಿದೆ. ಗಂಡ ಇನ್ನೂ ಮಸ್ಕತ್ತಿನಲ್ಲೇ ಇದ್ದಾರೆ. ಬಳಗದ ಹೆಂಗಸರು ಮಾತ್ರ ಈಗ ಯಾರ ಹಾಲ್‌ಗೂ ಕುಂಡಕ್ಕೂ ಕಾಯುವುದಿಲ್ಲ. ಸುವೈಕ್‌ಗೆ ಈ ಸಲ ಮೂರು ಗಾಡಿ ಹೋಗುತ್ತವೆ, ಒಂದನ್ನು ಓಡಿಸುವವರು ಅಧ್ಯಕ್ಷರೇ ಎಂದು ಸುದ್ದಿ ಬಂತು.

ಇಲ್ಲಿ ಎಳ್ಳ ಅಮಾವಾಸ್ಯೆ ಅದರ ದಿನಕ್ಕೇ ಬಂತು, ಮುಗಿಯಿತು. ಅಣ್ಣನ ಹೊಲಕ್ಕೆ ಹೋಗಿ ಬದುವಿನ ಮೇಲೆ ಕುಳಿತು ಉಂಡು ಬಂದೆ. ಆ ವಾರದ ಶುಕ್ರವಾರ ಲ್ಯಾಬಿಗೆ ರಜೆ ಹಾಕಿ, ಚೊಂಬಿನಲ್ಲಿ ನೀರು ತುಂಬಿ, ಮೇಲೆ ಒಂದಿಷ್ಟು ಎಣ್ಣೆ ಬಿಟ್ಟು, ಅರಿಶಿನ ಹಾಕಿ, ಬಾಡಿಗೆ ಮನೆಯ ಅಂಗಳದಲ್ಲಿ ಫೋನು ಹಿಡಿದು ನಿಂತೆ. ಮಧ್ಯಾಹ್ನದ ಬಿಸಿಲು. ಫೋನು ಬಂತು. ಆ ಕಡೆ ಮೇಕೆಗಳ ಸದ್ದು, ಯಾರೋ “ಯಲ್ಲಾ ಯಲ್ಲಾ” ಎಂದು ಅವಸರ ಮಾಡಿದ್ದು, ಆಮೇಲೆ ಎದುರು ಮನೆಯವಳ ದನಿ, ಮೀನಿನವರ ಗಂಟಲು.

“ಹುಲ್ಲುಲ್ಲಿಗೋ…”

ಅಲ್ಲಿ ಎಲ್ಲರೂ ಸುಮ್ಮನೆ ಕಾಯುತ್ತಿದ್ದರು. ನಾನು ಚೊಂಬಿನ ನೀರನ್ನು ಅಂಗಳದ ಮಣ್ಣಿಗೆ ಚಿಮುಕಿಸಿ, ಓಣಿಯೆಲ್ಲ ಕೇಳುವ ಹಾಗೆ ಓಗೊಟ್ಟೆ.

“ಚಲ್ಲಾಂಬರಿಗೋ…”

ಪಕ್ಕದ ಮನೆಯ ಅಜ್ಜಿ ಗೋಡೆಯ ಮೇಲಿಂದ ಇಣುಕಿ ನೋಡಿದಳು. “ಏನವಾ ತಂಗಿ, ಅಮಾಸಿ ಮುಗದು ಮೂರು ದಿನ ಆತಲ್ಲ?”

“ನಿಮ್ಮದು ಮುಗದೈತಿ ಆಯಿ,” ಎಂದೆ. “ನಮ್ಮ ಹೊಲದ ಅಮಾಸಿ ಇವತ್ತ ಐತಿ.”